ಹಗೇವಿನ ಬಾಯಿ

ಸಾಫ್ಟ್‌ವೇರ್ ಅಂದ ಕೂಡಲೇ ಗಾಜಿನ ಕಟ್ಟಡ, ಲಿಫ್ಟು, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ ನೆನೆಸಿಕೊಳ್ಳಬೇಡಿ. ಹೊಸೂರಿನ ಬಾಗಲೂರು ರಸ್ತೆಯಲ್ಲಿ ಒಂದು ಬೇಕರಿಯ ಮೇಲೆ ಎರಡು ಕೋಣೆ, ಕೆಳಗಿಂದ ಬರುವ ಬನ್ನಿನ ವಾಸನೆ, ಅಷ್ಟೇ. ಭೂಮಿಕಾ ಕೂತು ಕೆಲಸ ಮಾಡುತ್ತಿದ್ದದ್ದು ಅಲ್ಲಿ. ಸತ್ತವನೊಬ್ಬ ಕಟ್ಟಿದ್ದನ್ನು ಬಿಚ್ಚಿ ಹೊಸದಾಗಿ ಕಟ್ಟುವುದೇ ಅವಳ ಕೆಲಸ.

ಕಟ್ಟಿದವನು ಮುರಳಿಕೃಷ್ಣ, ತಳಿ ಎಂಬ ಊರಿನ ಕಡೆಯ ಹುಡುಗ. ಅದಕ್ಕೆ ಅವನಿಟ್ಟ ಹೆಸರು ಹಗೇವು. ಹಿಂದೆ ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡುತ್ತಿದ್ದರಲ್ಲ, ಅದೇ ಹೆಸರು. ಇದು ಸಾಫ್ಟ್‌ವೇರಿನ ಒಂದು ಚೌಕಟ್ಟು. ಇದರ ಮೇಲೆ ಅಂಗಡಿಯವರು ಬಿಲ್ಲು, ಕಾರ್ಖಾನೆಯವರು ಹಾಜರಿ, ಗುಲಾಬಿ ಬೆಳೆಯುವ ಶೆಡ್ಡಿನವರು ಆರ್ಡರು, ಹೀಗೆ ಯಾರಿಗೆ ಏನು ಬೇಕೋ ಅದನ್ನು ಕಟ್ಟಿಕೊಳ್ಳಬಹುದು. ಬಚ್ಚಿಟ್ಟದ್ದೇನೂ ಇಲ್ಲ. ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಅದೂ ಪುಕ್ಕಟೆ.

ಕಾಟ ಒಂದೇ. ಯಾವ ಪುಟ ತೆರೆದರೂ ಪರದೆ ಮೊದಲು ಒಂದು ಉಸಿರೆಳೆದು ಬಿಡುವಷ್ಟು ಹೊತ್ತು ಖಾಲಿ ನಿಲ್ಲುತ್ತಿತ್ತು. ಬಳಸುವವರೆಲ್ಲ ಬೈದರು. ಇದೇನು ಎತ್ತಿನ ಗಾಡಿಯೇ ಎಂದು ಭೂಮಿಕಾ ಕೂಡ ರೇಗಿಸುತ್ತಿದ್ದಳು. ಆ ಮಹಾರಾಯ ನಕ್ಕು, ಇರಲಿ ಬಿಡು ಅನ್ನುತ್ತಿದ್ದನೇ ಹೊರತು ತೆಗೆಯಲಿಲ್ಲ. ಯುಗಾದಿ ಕಳೆದ ಮೇಲೆ ಎರಡೂ ಮನೆಯಲ್ಲಿ ಮದುವೆಯ ವಿಷಯ ಎತ್ತೋಣ ಎಂದಿದ್ದವನು, ಯುಗಾದಿಗೆ ಮುಂಚೆಯೇ ಜ್ವರ ಬಂದು ಮಲಗಿ ಹೋಗಿಬಿಟ್ಟ. ಯಾರಿಗೂ ಗೊತ್ತಿಲ್ಲದ ಸಂಬಂಧಕ್ಕೆ ಎಲ್ಲಿ ಕೂತು ಅಳುವುದು? ಭೂಮಿಕಾ ಅಳಲಿಲ್ಲ. ಹಗೇವನ್ನು ಹೊಸದು ಮಾಡುತ್ತೇನೆ, ಅವನದೆಂದು ಅದೊಂದಾದರೂ ಉಳಿಯಲಿ ಎಂದು ಕೂತಳು.

ಮೊದಲು ತೆಗೆದದ್ದೇ ಆ ತಡೆಯನ್ನು. ತೆಗೆದು ಹೊಸ ಪುಟವೊಂದನ್ನು ತೆರೆದಳು. ಥಟ್ಟನೆ ತೆರೆಯಿತು. ಮೊದಲ ಸಾಲಿನಲ್ಲಿ ಆಗಲೇ ಬರೆದಿತ್ತು: ರಾಮಕ್ಕ, ಎರಡು ಸೇರು ರಾಗಿ.

ಹೊಸ ಪುಟ ಮಾಡಿದಾಗಲೆಲ್ಲ ಪರೀಕ್ಷೆಗೆಂದು ಮುರಳಿ ಹಾಕುತ್ತಿದ್ದ ಸಾಲು ಅದು. ರಾಮಕ್ಕ ಎಂಬ ಗಿರಾಕಿ ಹುಟ್ಟಿಯೇ ಇರಲಿಲ್ಲ. ಜೊತೆಗೆ ಕೆಲಸ ಮಾಡುವ ಅರುಣ್‌ಕುಮಾರ್ ಪಕ್ಕದ ಕೋಣೆಯಿಂದ ಬಂದು ಕೋಡನ್ನೆಲ್ಲ ಜಾಲಾಡಿದ. ರಾಮಕ್ಕ ಎಲ್ಲೂ ಇಲ್ಲ. ಸಾಲನ್ನು ಅಳಿಸಿದರೆ ಹೋಗುತ್ತಿತ್ತು, ಮುಚ್ಚಿ ತೆರೆದರೆ ಮತ್ತೆ ಹಾಜರು. ಅರುಣನಿಗೆ ತಲೆ ಕೆಟ್ಟಿತು. ಭೂಮಿಕಾಳಿಗೆ, ನಿಜ ಹೇಳಬೇಕೆಂದರೆ, ಸಂತೋಷವಾಯಿತು. ಹೆದರಿಕೆಯ ಜೊತೆಗೇ ಸಂತೋಷ. ಊಟ ಬಿಟ್ಟು ಪುಟವನ್ನು ಮುಚ್ಚಿದಳು, ತೆರೆದಳು, ಮುಚ್ಚಿದಳು, ತೆರೆದಳು. ಪ್ರತಿ ಸಲವೂ ಎದೆ ಸ್ವಲ್ಪ ಬಿಗಿ ಹಿಡಿದಂತಾಗುತ್ತಿತ್ತು. ಆದರೆ ಆಗಲಿ ಅಂದುಕೊಂಡಳು.

ಅಷ್ಟರಲ್ಲಿ ಸೂಳಗಿರಿಯಿಂದ ವರಲಕ್ಷ್ಮಿಯ ಫೋನು ಬಂತು. ಹೆದ್ದಾರಿ ಪಕ್ಕದ ಪೈಪಿನ ಅಂಗಡಿಯಲ್ಲಿ ಬಿಲ್ಲು ಹಾಕುವವಳು, ಹೊಸ ಹಗೇವನ್ನು ಎಲ್ಲರಿಗಿಂತ ಮೊದಲು ಪರೀಕ್ಷೆಗೆ ತೆಗೆದುಕೊಂಡವಳು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ವೇಗವನ್ನು ಹೊಗಳಿದಳು. ಆಮೇಲೆ ದನಿ ತಗ್ಗಿಸಿದಳು.

"ಯಾರಕ್ಕಾ ಅದು ರಾಮಕ್ಕ? ಆ ಹೆಸ್ರು ಕಂಡೇಟ್ಗೆ ಉಸ್ರೇ ಆಡಲ್ಲ ನಂಗೆ. ನಿನ್ನೆ ಕುರ್ಚಿಯಿಂದ ಬಿದ್ಬುಟ್ಟೆ."

ಭೂಮಿಕಾ ಅವತ್ತೇ ತಳಿಯ ಬಸ್ಸು ಹತ್ತಿದಳು. ಮುರಳಿಯ ತಾಯಿ ಆದಿಲಕ್ಷ್ಮಮ್ಮ ಅಂಗಳದ ಬಿಸಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಗನ ಜೊತೆ ಕೆಲಸ ಮಾಡಿದವಳೆಂದು ಕೂರಿಸಿ ಕಾಫಿ ಕೊಟ್ಟರು. ಪರದೆ ಖಾಲಿ ನಿಲ್ಲುತ್ತಿದ್ದುದನ್ನು, ತಾನು ಅದನ್ನು ತೆಗೆದದ್ದನ್ನು ಭೂಮಿಕಾ ಹೇಗೋ ತಿಳಿಯುವಂತೆ ಹೇಳಿದಳು. ಆದಿಲಕ್ಷ್ಮಮ್ಮ ಸುಲಿಯುವುದನ್ನು ನಿಲ್ಲಿಸಿ ಹಿತ್ತಲ ಕಡೆ ನೋಡಿದರು. ಅಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಹಳೇ ಹಗೇವು ಇತ್ತು.

"ಹಗೇವು ಬಾಯಿ ತೆಗೆದೇಟ್ಗೆ ಇಳೀಬಾರ್ದು ಕಣಮ್ಮ, ಉಸ್ರು ಕಟ್ತದೆ. ಒಳಗಿರೋದು ಈಚ್ಗೆ ಹೋಗಾಕೆ ಬಿಟ್ಟು, ದೂರ ಕುಂತಿದ್ದು, ಆಮ್ಯಾಕೆ ಇಳೀಬೇಕು. ನಮ್ಮಾವನ ತಮ್ಮ ಸೊಣ್ಣಪ್ಪ ಬಿರ್ರನೆ ಇಳ್ದ, ಬರ್ಲೇ ಇಲ್ಲ. ಅವನ್ನ ಎತ್ಕಂಡ್ ಬತ್ತೀನಿ ಅಂತ ನಮ್ಮಾವ ಇಳ್ದ್ರು. ಚಿಕ್ಕೋನು ಗೊತ್ತಿಲ್ದೆ ಹೋದ. ದೊಡ್ಡೋರು ಗೊತ್ತಿದ್ದೂ ಹೋದ್ರು."

ಚಿಕ್ಕಂದಿನಲ್ಲಿ ಮುರಳಿ ಈ ಕಥೆಯನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದನಂತೆ. ಹೊರಡುವಾಗ ಆದಿಲಕ್ಷ್ಮಮ್ಮ ಅವಳ ಮುಖವನ್ನೇ ನೋಡುತ್ತ ನಿಂತರು. ಆ ಕಣ್ಣಿಗೆ ಏನು ಕಂಡಿತೋ. "ಹೋದೋನ್ನ ಹೋಗಾಕೆ ಬಿಡು ಮಗಾ" ಅಂದರು.

ಮರುದಿನ ಬೆಳಗ್ಗೆ ಭೂಮಿಕಾ ಆ ತಡೆಯನ್ನು ವಾಪಸ್ ಸೇರಿಸಿ ಎಲ್ಲರಿಗೂ ಕಳಿಸಿದಳು. ಮಧ್ಯಾಹ್ನಕ್ಕೆ ವರಲಕ್ಷ್ಮಿ ಫೋನು ಮಾಡಿ, ಉಸಿರಾಟ ಸಲೀಸಾಗಿದೆ, ಸಾಲೂ ಕಾಣಿಸುತ್ತಿಲ್ಲ ಎಂದಳು. "ರಾಮಕ್ಕ ಹೋಗ್ಬುಟ್ಳು ಅಕ್ಕಾ" ಎಂದು ನಕ್ಕಳು.

ಆ ಮಾತು ಭೂಮಿಕಾಳ ಕರುಳಿಗೆ ತಾಗಿತು. ಅವನು ಸತ್ತ ದಿನ ಬಾರದ ಅಳು ಈಗ ಬಂತು. ತನ್ನ ಕೈಯಾರೆ ಅವನನ್ನು ಎಲ್ಲ ಕಡೆಯಿಂದಲೂ ಕಳಿಸಿಬಿಟ್ಟಿದ್ದಳು. ಉಳಿದದ್ದು ಒಂದೇ ಜಾಗ. ತನ್ನ ಕಂಪ್ಯೂಟರಿಗೆ ಮಾತ್ರ ಆ ತಡೆಯನ್ನು ಅವಳಿನ್ನೂ ಹಾಕಿರಲಿಲ್ಲ.

ನಿಮ್ಮದಕ್ಕೂ ಹಾಕಿದಿರಾ ಎಂದು ಅರುಣ್ ಪಕ್ಕದ ಕೋಣೆಯಿಂದ ಕೇಳಿದ. ಹಾಕಿದೆ ಎಂದಳು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಪುಟ ತೆರೆದಳು.

ರಾಮಕ್ಕ, ಎರಡು ಸೇರು ರಾಗಿ. ಎದೆ ಹಿಂದೆಂದೂ ಇಲ್ಲದಷ್ಟು ಬಿಗಿಯಿತು. ಬನ್ನಿನ ವಾಸನೆ ಹೋಗಿ ಮುಗ್ಗಲು ರಾಗಿಯ ಘಾಟು ಕೋಣೆಯನ್ನೆಲ್ಲ ತುಂಬಿತು. ಸಾಲಿನ ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಟೈಪ್ ಮಾಡುವಾಗ ಮುರಳಿಯ ಕೈ ಅಷ್ಟೇ ನಿಧಾನ.

ಇಳೀಬೇಡ ಭೂಮಿ.

ಅವಳು ಅದನ್ನು ಎರಡು ಸಲ ಓದಿದಳು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಕೆಳಗೆ ಬರೆದಳು: ಬಂದೆ, ಇರು.