ಎಳೆದಾಗಷ್ಟೇ ಬರುವ ಸದ್ದು

"ಇನ್ನೊಂದು ಸುತ್ತು ಬಿಗಿ, ದ್ಯಾಮಪ್ಪ. ದಾಸನಕೊಪ್ಪದ ರಸ್ತಿ ನಿನಗ ಗೊತ್ತೈತಲ್ಲ," ಎಂದರು ಚಂದ್ರಶೇಖರಪ್ಪ.

ದ್ಯಾಮಪ್ಪ ಪಿಕಪ್ ಗಾಡಿಯ ಹಿಂಭಾಗದಲ್ಲಿ ಮೊಣಕಾಲೂರಿ, ಗಾಡಿ ರಿಪೇರಿಯ ಕಲ್ಲಯ್ಯ ಮಿಸ್ತ್ರಿಯ ಎದೆಯ ಸುತ್ತ ಬಿಳಿ ಪಂಚೆಯನ್ನು ಇನ್ನೊಂದು ಸುತ್ತು ತಂದು ಹಲಗೆಗೆ ಕಟ್ಟಿದ. ಡ್ರೈವರ್ ಕೂರುವ ಕಡೆಗೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ ಹೆಣವನ್ನು ಕೂಡಿಸಿದ್ದರು. ಹದಿನಾರು ವರ್ಷ ಈ ಮನುಷ್ಯನ ಕೈಕೆಳಗೆ ದುಡಿದವನಿಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಬೆಳಗಿನಿಂದ ಮೈಯೆಲ್ಲ ಜೋಮು ಹಿಡಿದಂತಿತ್ತು. ಗಂಟು ಸರಿಯಾಗಿ ಕೂತಿದೆಯೇ ಎಂಬುದನ್ನಷ್ಟೇ ನೋಡಿ ಕೆಳಗಿಳಿದ.

ಶಿರಸಿಯ ಲಾರಿಯವರಲ್ಲಿ ಒಬ್ಬನೂ ಹೆಣ ಹೇರಲು ಒಪ್ಪಿರಲಿಲ್ಲ. ಬೆಲ್ಲದ ವ್ಯಾಪಾರದ ಚಂದ್ರಶೇಖರಪ್ಪ ಮಾತ್ರ ಕರೆಯದೇ ಬಂದು ತಮ್ಮ ಪಿಕಪ್ಪನ್ನು ಮನೆ ಮುಂದೆ ನಿಲ್ಲಿಸಿದ್ದರು. ಅವರ ಬಾಯಿ ಹಗುರ, ಮನಸ್ಸು ಮೆತ್ತಗೆ. ಇಂಥ ಉಪಕಾರವನ್ನು ಬೇಡ ಅನ್ನುವವರು ಯಾರು? ದ್ಯಾಮಪ್ಪ ಒಬ್ಬನೇ ಒಳಗೊಳಗೆ ಬೇಡ ಅಂದ. ಎತ್ತಿನ ಗಾಡಿಯಾದರೂ ಆಗುತ್ತಿತ್ತು, ಈ ಗಾಡಿಯೊಂದು ಬೇಡವಾಗಿತ್ತು.

ಕಲ್ಲಯ್ಯನ ಹೆಂಡತಿ ಶಾರದವ್ವ ಗಂಡನ ಪಕ್ಕದಲ್ಲೇ ಕೂತಳು. ಭಜನೆಯವರು ಇಬ್ಬರು ಹಿಂದೆ ಹತ್ತಿದರು. ಮುಂದೆ ಚಂದ್ರಶೇಖರಪ್ಪ, ನಡುವೆ ದ್ಯಾಮಪ್ಪ, ಆಚೆ ಬದಿಗೆ ದಾಸನಕೊಪ್ಪದಿಂದ ಮೊದಲ ಬಸ್ಸಿಗೆ ಬಂದಿದ್ದ ಊರ ಹಿರಿಯ ಪರಮೇಶ್ವರಪ್ಪ. ಕಲ್ಲಯ್ಯನ ಹಿರಿಯರ ಹೊಲದಲ್ಲಿ ಕುಣಿ ತೋಡಿಸಿಯೇ ಬಂದಿದ್ದೇನೆ ಎಂದು ಆತ ಹೇಳಿದ.

ಪೇಟೆ ದಾಟಿ ಗಾಡಿ ಮೊದಲ ಏರು ಹಿಡಿದದ್ದೇ ತಡ, ಹಿಂದಿನ ಅಚ್ಚಿನ ಕಡೆಯಿಂದ ಸದ್ದು ಎದ್ದಿತು. ಊಂ ಎಂದು ಒಂದೇ ರಾಗ. ಏರು ಹೆಚ್ಚಿದಂತೆ ಅದೂ ಏರಿತು.

"ಇದೇನ್ರಿ ಇದು?" ಎಂದ ಪರಮೇಶ್ವರಪ್ಪ.

ಚಂದ್ರಶೇಖರಪ್ಪ ನಕ್ಕರು. ಸಾವಿನ ದಿನ ನಗುವಷ್ಟೇ ನಕ್ಕರು. "ನಿಮ್ಮೂರ ಮಿಸ್ತ್ರಿ ಕೈಗುಣ. ಐದು ವರ್ಷದಿಂದ ಹಿಂಗ ಒದರತೇತಿ. ಪಾಪ, ಕಲ್ಲಯ್ಯಾರ ಕಿವಿ ಹೋಗಿತ್ತು ಬಿಡ್ರಿ. ಅದಕ್ಕೂ ಮೊದಲ ಅಂಥಾ ಮಿಸ್ತ್ರಿ ಈ ಸೀಮ್ಯಾಗ ಇರಲಿಲ್ಲ."

ದ್ಯಾಮಪ್ಪ ಕಣ್ಣನ್ನು ರಸ್ತೆಯ ಮೇಲೆಯೇ ಇಟ್ಟ. ಅವನ ಕಾಲಡಿಯ ತಗಡು ನಡುಗುತ್ತಿತ್ತು.

*

ಐದು ವರ್ಷದ ಹಿಂದೆ, ಅರವತ್ತೊಂದನೇ ಇಸವಿ. ಕಂಪನಿಯ ಮಾಲು ಕಣ್ಣಿಗೆ ಬೀಳದ ಕಾಲ. ಕೆಟ್ಟ ಗಾಡಿಗೆಲ್ಲ ಹುಬ್ಬಳ್ಳಿಯ ಬಜಾರದಲ್ಲಿ ಸಿಕ್ಕಿದ್ದೇ ಗತಿ. ಇಂಜಿನ್ನಿನ ತಿರುವನ್ನು ಹಿಂದಿನ ಎರಡು ಗಾಲಿಗೆ ಹಂಚುವ ಡಿಫರೆನ್ಶಿಯಲ್ಲಿನ ಹಲ್ಲುಚಕ್ರಗಳು ಚಂದ್ರಶೇಖರಪ್ಪನವರ ಪಿಕಪ್ಪಿನಲ್ಲಿ ಸವೆದಿದ್ದವು. ಅದೇ ಜಾತಿಯ ಇನ್ನೊಂದು ಗಾಡಿ ಯಲ್ಲಾಪುರದ ನಾಟಾ ಕಂತ್ರಾಟುದಾರನದು. ಎರಡಕ್ಕೂ ಎರಡು ಸೆಟ್ಟು ಒಂದೇ ದಿನ ಬಂದವು. ಒಂದೊಂದು ಸೆಟ್ಟಿಗೆ ಒಂದು ದೊಡ್ಡ ಚಕ್ರ, ಒಂದು ಸಣ್ಣದು. ದೊಡ್ಡದನ್ನೂ ಸಣ್ಣದನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡಕ್ಕೂ ಒಂದೇ ಅಂಕಿ ಕೊರೆದಿರುತ್ತಾರೆ. ಗಂಡ ಹೆಂಡಿರಿದ್ದ ಹಾಗೆ; ಒಬ್ಬರ ಜೋಡಿ ಇನ್ನೊಬ್ಬರಿಗೆ ಆಗಿಬರುವುದಿಲ್ಲ.

ಕಲ್ಲಯ್ಯ ಆ ದಿನ ಮಂಚಿಕೇರಿಯಲ್ಲಿ ನಿಂತುಹೋದ ಲಾರಿಯೊಂದನ್ನು ನೋಡಲು ಹೋಗಿದ್ದ. ತಾನೊಬ್ಬನೇ ಕೂಡಿಸಿ ತೋರಿಸಿಬಿಡುತ್ತೇನೆ ಎಂಬ ಉಮೇದು ದ್ಯಾಮಪ್ಪನಿಗೆ. ಗ್ರೀಸು ತೆಗೆಯಲು ನಾಲ್ಕು ಚಕ್ರಗಳನ್ನೂ ಒಂದೇ ಡಬ್ಬಿ ಸೀಮೆಎಣ್ಣೆಯಲ್ಲಿ ಹಾಕಿ ತೊಳೆದ. ತೆಗೆದಾಗ ಎಲ್ಲವೂ ಫಳಫಳ ಹೊಳೆದವು. ಹೊಳಪು ನೋಡಿದ, ಅಂಕಿ ನೋಡಲಿಲ್ಲ. ಕೈಗೆ ಬಂದದ್ದನ್ನು ಎರಡೂ ಗಾಡಿಗಳಿಗೆ ಕೂಡಿಸಿಬಿಟ್ಟ.

ಎರಡು ತಿಂಗಳು ಕಳೆದ ಮೇಲೆ, ಸದ್ದು ದಿನದಿನಕ್ಕೆ ಬೆಳೆಯುತ್ತಿದೆ ಎಂದು ಚಂದ್ರಶೇಖರಪ್ಪ ಗಾಡಿ ತಂದು ನಿಲ್ಲಿಸಿದರು. ಕಲ್ಲಯ್ಯ ಅವರಿಗೇ ಓಡಿಸಲು ಹೇಳಿ, ತಾನು ಹಿಂದೆ ಬೋರಲು ಮಲಗಿ ಹಲಗೆಗೆ ಕಿವಿ ಕೊಟ್ಟ. ಆಕ್ಸಿಲರೇಟರ್ ಒತ್ತಿದರೆ ಸದ್ದು, ಕಾಲು ಬಿಟ್ಟರೆ ಇಲ್ಲ. ಬೇರಿಂಗ್ ಹೋಗಿದ್ದರೆ ಎರಡರಲ್ಲೂ ಬರುತ್ತಿತ್ತು. ಎಡಕ್ಕೆ ತಿರುಗಿಸಲು ಹೇಳಿದ, ಬಲಕ್ಕೆ ತಿರುಗಿಸಲು ಹೇಳಿದ, ವ್ಯತ್ಯಾಸವಿಲ್ಲ; ಹಾಗಾದರೆ ತಿರುವಿನಲ್ಲಷ್ಟೇ ದುಡಿಯುವ ಒಳಗಿನ ಪುಟ್ಟ ಚಕ್ರಗಳದ್ದೂ ತಪ್ಪಿಲ್ಲ. ಶೆಡ್ಡಿಗೆ ಬಂದು ಹಿಂದಿನ ಮುಚ್ಚಳ ಬಿಚ್ಚಿದ. ಹಲ್ಲಿನ ಗುರುತು ನೋಡಲು ಬೇರೆಯವರು ಬಣ್ಣ ಹಚ್ಚಿದರೆ, ಜಂಗಮನಾದ ಕಲ್ಲಯ್ಯ ವಿಭೂತಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದ. ಗಾಲಿ ತಿರುಗಿಸಿದಾಗ ಹಲ್ಲಿನ ನಡುವೆ ಅಳಿಸಬೇಕಿದ್ದ ವಿಭೂತಿ ಅಂಚಿನಲ್ಲಿ ಅಳಿಸಿತ್ತು. ಬ್ಯಾಟರಿ ಹಿಡಿದು ಒಂದು ಅಂಕಿ ಓದಿದ. ಇನ್ನೊಂದು ಓದಿದ. ಮತ್ತೆ ಮೊದಲನೆಯದನ್ನು ಓದಿದ. ಪಕ್ಕದಲ್ಲಿ ಪಾನಾ ಹಿಡಿದು ನಿಂತಿದ್ದ ದ್ಯಾಮಪ್ಪನೂ ಓದಿದ.

"ಕೂಡಿಸಿದಾವ ಯಾರು?" ಎಂದು ಚಂದ್ರಶೇಖರಪ್ಪ ಗುಡುಗಿದರು.

ಕಲ್ಲಯ್ಯ ಮುಚ್ಚಳವನ್ನು ಜಾಗಕ್ಕೆ ಇಟ್ಟ. "ನಾನ ಕೂಡಿಸಿದ್ದು, ಸಾವಕಾರ್ರ. ಬಜಾರದ ಮಾಲು ಹಿಂಗ. ಒದರತೇತಿ, ಆದ್ರ ಮುರಿಯಂಗಿಲ್ಲ."

ಕಂತ್ರಾಟುದಾರನ ಗಾಡಿ ಅಷ್ಟರಲ್ಲಿ ಮಾರಾಟವಾಗಿ ಘಟ್ಟ ಇಳಿದಿತ್ತು. ಸರಿಯಾದ ಜೋಡಿ ಎಲ್ಲಿಂದ ತರುವುದು? ಊರ ಬಾಯಿಗೆ ಮುಚ್ಚಳ ಉಂಟೇ? ಆ ಗಾಡಿ ಹೋದ ಬೀದಿಯಲ್ಲೆಲ್ಲ ಕಲ್ಲಯ್ಯನ ಕಿವಿ ಹೋಯಿತೆಂಬ ಸುದ್ದಿ ಹೋಯಿತು. ದೊಡ್ಡ ಕೆಲಸಗಳು ಬೇರೆ ಗ್ಯಾರೇಜಿಗೆ ನಡೆದವು. ಕೊನೆಯ ಎರಡು ವರ್ಷ ಅವನು ಪಂಚರ್ ಹಚ್ಚಿದ್ದೇ ಹೆಚ್ಚು.

ಕಲ್ಲಯ್ಯ ಒಂದು ದಿನವೂ ಆ ಮಾತು ತೆಗೆಯಲಿಲ್ಲ. ಬೇರೆ ಗಾಡಿಗಳ ಸೆಟ್ಟು ಬಂದರೆ ತಾನೇ ಬಿಚ್ಚಿ, ದೊಡ್ಡದನ್ನೂ ಸಣ್ಣದನ್ನೂ ಸೇರಿಸಿ ತಂತಿಯಿಂದ ಕಟ್ಟಿ ಇಡುತ್ತಿದ್ದ, ಅಷ್ಟೇ. ಬೈದಿದ್ದರೆ ದ್ಯಾಮಪ್ಪ ಎರಡು ದಿನ ಅತ್ತು ಹಗುರಾಗುತ್ತಿದ್ದ. ಬೈಯದವನ ಮುಂದೆ ಬಾಯಿ ಬಿಡುವುದು ಹೇಗೆಂದು ಅವನಿಗೆ ತಿಳಿಯಲೇ ಇಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ; ನಾಳೆ ನಾಳೆ ಎನ್ನುತ್ತಲೇ ಐದು ವರ್ಷ ಕಳೆಯಿತು.

*

ದಾಸನಕೊಪ್ಪದ ಮುಂಚಿನ ಏರಿನಲ್ಲಿ ಊರವರು ತಾಳ ಹಿಡಿದು ಕಾಯುತ್ತಿದ್ದರು. ಗಾಡಿ ಕಾಣುವ ಮೊದಲೇ ಅವರಿಗೆ ಅದರ ಕೂಗು ಕೇಳಿತ್ತು. ಏರು ಮುಗಿದಲ್ಲಿ ಗಾಡಿ ನಿಂತು, ಮುಂದಿದ್ದವರು ಇಳಿದು, ತಾಳ ಸುರುವಾದಾಗ, ಮಾಲೆ ಹಾಕಲು ಬಂದ ಮುದುಕನೊಬ್ಬ, ಶಿರಸಿಯೊಳಗೆ ಕಲ್ಲಯ್ಯ ದೊಡ್ಡ ಮಿಸ್ತ್ರಿ ಎಂದು ಕೇಳಿದ್ದೆವಲ್ಲ, ಅವನನ್ನು ಹೊತ್ತು ತಂದ ಗಾಡಿ ಯಾಕೆ ಹೀಗೆ ಅಳುತ್ತದೆ ಎಂದು ಕೇಳಿದ. ಚಂದ್ರಶೇಖರಪ್ಪ ಅದೇ ಕತೆ ಸುರು ಮಾಡಿದರು. ಕಿವಿಯ ಮಾತು ಬರುವ ಹೊತ್ತಿಗೆ ಶಾರದವ್ವ ಸೆರಗನ್ನು ಮುಂದೆ ಎಳೆದುಕೊಂಡು ತಲೆ ತಗ್ಗಿಸಿದಳು. ಹುಟ್ಟಿದೂರಿನಲ್ಲಿ, ಮಣ್ಣಿಗೆ ಹೋಗುವ ಹೊತ್ತಿನಲ್ಲಿ, ಗಂಡನ ಜೊತೆ ಹೋಗುವುದು ಆ ಮಾತೇ ಆಗಿತ್ತು. ಇನ್ನು ಅದನ್ನು ತಿದ್ದಲು ನಾಳೆ ಇರಲಿಲ್ಲ.

"ಅಯ್ಯಾರ ತಪ್ಪಲ್ರಿ ಅದು," ಎಂದ ದ್ಯಾಮಪ್ಪ.

ಅವನ ದನಿ ಅವನಿಗೇ ಯಾರದೋ ಅನ್ನಿಸಿತು. ತಾಳ ನಿಂತಿತು.

"ಎರಡು ಸೆಟ್ಟು ಅದಲು ಬದಲು ಮಾಡಿ ಕೂಡಿಸಿದಾವ ನಾನು. ಅವರು ಅವತ್ತ ಕಂಡುಹಿಡಿದಿದ್ರು. ನನ್ನ ಹೆಸರು ಕೆಡಬಾರದಂತ ತಮ್ಮ ಮ್ಯಾಲೆ ಹಾಕ್ಕೊಂಡ್ರು. ಅವರ ಕಿವಿ ನೆಟ್ಟಗಿತ್ತು."

ಚಂದ್ರಶೇಖರಪ್ಪನವರ ಮುಖ ಮೊದಲು ಕೆಂಪಾಯಿತು, ಆಮೇಲೆ ಅದರಲ್ಲಿ ಏನೂ ಉಳಿಯಲಿಲ್ಲ. ಐದು ವರ್ಷ ತಾವು ಎಲ್ಲೆಲ್ಲಿ ಏನೇನು ಹೇಳಿದ್ದೆವೆಂದು ನೆನೆಸಿಕೊಳ್ಳುತ್ತಿದ್ದರೋ ಏನೋ.

ಶಾರದವ್ವ ತಲೆ ಎತ್ತಿ ದ್ಯಾಮಪ್ಪನನ್ನು ನೋಡಿದಳು. ಸಿಟ್ಟಿರಲಿಲ್ಲ. "ಇದನ್ನ ಹೇಳಾಕ ಇಲ್ಲೀತನಕ ಬರಬೇಕಾತೇನು, ತಮ್ಮಾ?" ಎಂದಳು.

ಈಗಲಾದರೂ ಅಳು ಬಂದೀತೆಂದು ದ್ಯಾಮಪ್ಪ ಕಾದ. ಬರಲಿಲ್ಲ.

ಚಂದ್ರಶೇಖರಪ್ಪ ಕಿಟಕಿಯಿಂದ ಕೈ ಹಾಕಿ ಚಾವಿ ತಿರುಗಿಸಿ ಇಂಜಿನ್ ಆರಿಸಿದರು. ಗೇರು ತೆಗೆದು, ಬಾಗಿಲ ಪಕ್ಕದಲ್ಲಿ ನಿಂತು ಸ್ಟೇರಿಂಗ್ ಹಿಡಿದರು. "ದೂಡ್ರಿ," ಎಂದರು. "ಊರೊಳಗ ಇದು ಒದರೋದು ಬ್ಯಾಡ."

ಪರಮೇಶ್ವರಪ್ಪ ಮೊದಲು ಕೈ ಹಚ್ಚಿದ. ಆಮೇಲೆ ಎಂಟು ಹತ್ತು ಜನ ಬಂದರು. ಗಾಡಿ ಕದಲಿತು. ಹಿಂದಿನ ಅಚ್ಚಿನಿಂದ ಒಂದು ಸೊಲ್ಲೂ ಬರಲಿಲ್ಲ. ಗಾಲಿಯಡಿ ಜಲ್ಲಿ ಸರಿಯುವುದಷ್ಟೇ ಕೇಳುತ್ತಿತ್ತು. ಭಜನೆಯವರು ಮತ್ತೆ ತಾಳ ಎತ್ತಿದರು. ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತರು.

ದ್ಯಾಮಪ್ಪ ಹಿಂದಿನ ಹಲಗೆಗೆ ಎರಡೂ ಕೈ ಕೊಟ್ಟು, ತಲೆ ತಗ್ಗಿಸಿ ಸ್ವಲ್ಪ ದೂರ ದೂಡಿದ. ಬಗ್ಗಿ ದೂಡಿದರೆ ಮುಂದಿನ ದಾರಿ ಕಾಣುತ್ತಿರಲಿಲ್ಲ. ತಲೆ ಎತ್ತಿದ. ಎದುರಿಗೇ, ತನ್ನತ್ತ ಮುಖ ಮಾಡಿ, ಕಲ್ಲಯ್ಯ ಕೂತಿದ್ದ. ಗಾಡಿ ಕುಲುಕಿದಾಗೆಲ್ಲ ಆ ಮುಖ ಸಣ್ಣಗೆ ಅಲುಗುತ್ತಿತ್ತು. ಹೊಲದ ಕುಣಿಯ ತನಕ ದ್ಯಾಮಪ್ಪ ಆ ಮುಖವನ್ನು ನೋಡುತ್ತಲೇ ದೂಡಿದ.