ಅಭಿನಂದನನ ಬಲಗೈ

ಇನ್ನು ಮೇಲೆ ಈ ಕೈಯನ್ನು ಭುಜದ ಮೇಲೆತ್ತಿ ಚೆಂಡು ಎಸೆಯುವುದಿಲ್ಲ ಎಂದು ಅಭಿನಂದನ್ ಗೆಳೆಯ ಗುರುವಿಗೆ ಮಾತು ಕೊಟ್ಟದ್ದು ಇಪ್ಪತ್ತೇಳು ವರ್ಷದ ಹಿಂದೆ, ಮೈಸೂರಿನ ಒಂದು ಕಾಲೇಜು ಮೈದಾನದಲ್ಲಿ, ಸೋರುವ ನಲ್ಲಿಯ ಪಕ್ಕ ನಿಂತು.

ಆಗ ಇಬ್ಬರಿಗೂ ಹತ್ತೊಂಬತ್ತು. ಗುರು ಕ್ಯಾಪ್ಟನ್, ಅಭಿನಂದನ್ ವೇಗದ ಬೌಲರ್. ಅವನ ಬೌಲಿಂಗಿನಲ್ಲಿ ಒಂದು ಎಸೆತ ಮಾತ್ರ ಉಳಿದವುಗಳಿಗಿಂತ ಬೇರೆಯಾಗಿ, ಸಿಡಿದ ಹಾಗೆ ಬರುತ್ತಿತ್ತು. ಕೈ ಮಡಚಿ ಎಸೆಯುತ್ತಾನೆ, ಇದು ಬೌಲಿಂಗೇ ಅಲ್ಲ ಎಂದು ಎದುರಾಳಿಗಳು ಲೀಗ್ ಕಮಿಟಿಗೆ ದೂರು ಕೊಟ್ಟರು. ಗುರು ನೇರವಾಗಿ ಕೇಳಿದ. "ನಿಜ ಹೇಳೋ, ಮೊಣಕೈ ಬೆಂಡ್ ಮಾಡ್ತೀಯಾ?" ಅಭಿನಂದನ್ ಕಣ್ಣು ಮಿಟುಕಿಸದೆ, "ಇಲ್ಲ ಕಣೋ, ನನ್ನಾಣೆ" ಎಂದ. ಅದನ್ನು ನಂಬಿ ಗುರು, ಇವನ ಕೈಗೆ ನಾನು ಜವಾಬ್ದಾರಿ ಎಂದು ಕಮಿಟಿಗೆ ಕಾಗದ ಬರೆದುಕೊಟ್ಟ. ಫೈನಲ್ಲಿನ ಕೊನೆಯ ಓವರಿನಲ್ಲಿ ಅಂಪೈರ್ ರುದ್ರಪ್ಪನವರು ಪಕ್ಕಕ್ಕೆ ಕೈ ಚಾಚಿ ನಿಂತರು. ನೋಬಾಲ್. ಮುಂದಿನದಕ್ಕೂ ಚಾಚಿದರು, ಅದರ ಮುಂದಿನದಕ್ಕೂ. ಏಳು ಸಲ. ಮ್ಯಾಚ್ ಹೋದದ್ದು ಒಂದು ಕಡೆ ಇರಲಿ, ಸುಳ್ಳು ಕಾಗದ ಕೊಟ್ಟ ಕ್ಯಾಪ್ಟನ್ ಎಂದು ಗುರುವನ್ನು ಎರಡು ವರ್ಷ ಹೊರಗಿಟ್ಟರು. ರಾಜ್ಯ ತಂಡದ ಆಯ್ಕೆಗೆ ಹೋಗಬೇಕಾಗಿದ್ದವರ ಪಟ್ಟಿಯಿಂದ ಅವನ ಹೆಸರು ಹೋಯಿತು. ಆಮೇಲೆ ಅವನು ಆಡಲೇ ಇಲ್ಲ.

ನಲ್ಲಿಯ ಪಕ್ಕ ಗುರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ತೊಳೆದುಕೊಂಡು, "ಆ ಕೈ ಎತ್ತಿ ಇನ್ಯಾವತ್ತೂ ಬಾಲ್ ಎಸೆಯಲ್ಲ ಅಂತ ಮಾತು ಕೊಡು. ಅದಾದ್ರೂ ಒಂದು ನಿಜ ಇರಲಿ" ಎಂದ. ಅಭಿನಂದನ್ ಕೊಟ್ಟ.

ಆ ಮಾತನ್ನು ಅವನು ಸಿಡ್ನಿಯ ತನಕ ಹೊತ್ತು ತಂದ. ಮ್ಯಾಕ್ವೆರಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಬ್ಲ್ಯಾಕ್‌ಟೌನಿನಲ್ಲಿ ಮನೆ, ಹೆಂಡತಿ ಅರುಂಧತಿಗೆ ವಾರಾಂತ್ಯವೂ ಶಿಫ್ಟು. ಮಗಳು ಆದ್ಯಾ ಶಾಲೆಯ ಗೆಳತಿಯರ ಹಿಂದೆ ಹೋಗಿ ಬೇಸ್‌ಬಾಲ್ ಕಚ್ಚಿಕೊಂಡಳು. ಹದಿನೈದಕ್ಕೇ ಕ್ಲಬ್ಬಿನ ಕೆಳಗಿನ ದರ್ಜೆಯ ಟೀಮಿನಲ್ಲಿ ಗಂಡಸರ ಜೊತೆ ಆಡುತ್ತಿದ್ದಳು. ಆ ಟೀಮಿಗೆ ಎಂದೂ ಜನ ಸಾಲುತ್ತಿರಲಿಲ್ಲ. ಹಾಗಾಗಿ ಕರೆದುಕೊಂಡು ಬರುವ ಅಪ್ಪನಿಗೂ ಹದಿನಾಲ್ಕನೇ ನಂಬರಿನ ಶರ್ಟು ಕೊಟ್ಟು ಹೆಸರು ಬರೆದುಕೊಂಡರು. ಹೆಚ್ಚಿನ ದಿನ ಅವನು ಬೆಂಚಿನಲ್ಲಿ ಕೂತು ಎಸೆತ ಎಣಿಸುವ ಕ್ಲಿಕರ್ ಒತ್ತುತ್ತಿದ್ದ. ಯಾರಾದರೂ ಬರದಿದ್ದರೆ ಮೈದಾನದ ಬಲತುದಿಯಲ್ಲಿ ನಿಲ್ಲುತ್ತಿದ್ದ. ಅಲ್ಲಿಗೆ ಚೆಂಡು ಬಂದರೆ ಎತ್ತಿಕೊಂಡು, ದೇವಸ್ಥಾನದಲ್ಲಿ ಕಾಯಿ ಉರುಳಿಸುವವನ ಹಾಗೆ ಬಗ್ಗಿ, ಅಂಡರ್‌ಆರ್ಮ್ ಎಸೆಯುತ್ತಿದ್ದ. ಭುಜ ಸರಿಯಿಲ್ಲ ಪಾಪ ಎಂದು ಎಲ್ಲರೂ ತಿಳಿದಿದ್ದರು.

"ಅಪ್ಪ, ಪ್ಲೀಸ್. ಅಜ್ಜಿ ಕೂಡ ಹಂಗೆ ಎಸೆಯಲ್ಲ" ಎಂದು ಆದ್ಯಾ ಒಂದು ಸಲ ಕಾರಿನಲ್ಲಿ ಅತ್ತೇಬಿಟ್ಟಿದ್ದಳು.

ಬೇಸ್‌ಬಾಲಿನಲ್ಲಿ ಎಲ್ಲವೂ ಪಿಚರ್ ಕೈಯಲ್ಲಿ. ಬ್ಯಾಟಿನವನಿಗೆ ಚೆಂಡು ಎಸೆಯುವವನು ಅವನೊಬ್ಬನೇ. ಪಂದ್ಯವನ್ನು ಶುರುಮಾಡಿ ಅರ್ಧಕ್ಕಾದರೂ ಎಳೆದುಕೊಂಡು ಹೋಗುವ ಸ್ಟಾರ್ಟರ್ ಇಲ್ಲದಿದ್ದರೆ ಉಳಿದ ಎಂಟು ಜನ ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ. ಅಕ್ಟೋಬರಿನಲ್ಲಿ ಆ ಟೀಮಿಗೆ ಅಂಥವರು ಮೂವರಿದ್ದರು, ಅವರು ದಣಿದಾಗ ಒಂದೆರಡು ಇನ್ನಿಂಗ್ಸ್ ಆದ್ಯಾ ಎಸೆಯುತ್ತಿದ್ದಳು. ಸ್ಕೂಲ್ ಮೇಷ್ಟ್ರೊಬ್ಬನ ಭುಜ ಡಿಸೆಂಬರಿನಲ್ಲಿ ಹೋಯಿತು. ಕಾಲೇಜು ಹುಡುಗನೊಬ್ಬ ಜನವರಿಯಲ್ಲಿ ಕೆಲಸ ಸಿಕ್ಕು ಪರ್ತ್‌ಗೆ ಹೋದ. ಉಳಿದವನು ಕೋಚ್ ಕ್ರೇಗ್, ಐವತ್ತರ ಪ್ಲಂಬರ್. ಫೆಬ್ರವರಿ ಕೊನೆಯಲ್ಲಿ ಮೆಲ್ಬರ್ನಿನಲ್ಲಿ ಸೀಸನ್ ಮುಗಿಸುವ ಟೂರ್ನಮೆಂಟ್. ಶನಿವಾರ ಒಂದು ಪಂದ್ಯ, ಭಾನುವಾರ ಒಂದು. ಎರಡನ್ನೂ ಆಡದಿದ್ದರೆ ಮುಂದಿನ ವರ್ಷ ಈ ಟೀಮನ್ನೇ ಇಡುವುದಿಲ್ಲ ಎಂದು ಕ್ಲಬ್ಬಿನವರು ಹೇಳಿ ಕಳಿಸಿದ್ದರು.

ಶನಿವಾರ ಕ್ರೇಗ್ ನೂರಾ ನಾಲ್ಕು ಎಸೆದು ಕೈಚೆಲ್ಲಿದ. ನಿಯಮದ ಪ್ರಕಾರ ಮರುದಿನ ಅವನು ಎಸೆಯುವ ಹಾಗೂ ಇಲ್ಲ. ಕೊನೆಯ ಎರಡು ಇನ್ನಿಂಗ್ಸ್ ಆದ್ಯಾ ಎಸೆದಳು. ಅಭಿನಂದನನ ಕ್ಲಿಕರಿನಲ್ಲಿ ಇಪ್ಪತ್ತೆಂಟು. ಮೂವತ್ತು ದಾಟಿದ್ದರೆ ಅವಳ ವಯಸ್ಸಿನವರಿಗೆ ಮರುದಿನ ಕಡ್ಡಾಯ ವಿಶ್ರಾಂತಿ ಇತ್ತು. ದಾಟಿರಲಿಲ್ಲ.

ಆ ಸಂಜೆ ಅಪ್ಪ ಮಗಳು ಉಳಿದುಕೊಂಡದ್ದು ಮೆಲ್ಬರ್ನಿನ ಹೊರವಲಯದ ವೆರಿಬೀಯಲ್ಲಿ, ಗುರುವಿನ ಮನೆಯಲ್ಲಿ. ಓದಲು ಬಂದ ಗುರು ಪಿಆರ್ ಸಿಕ್ಕಿ, ಕಾಯಂ ನೆಲೆಸಿ, ಅಲ್ಲೇ ಕೊರಿಯರ್ ಗೋಡೌನೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಇಬ್ಬರ ನಡುವೆ ಬಳಕೆ ಹಬ್ಬದ ಮೆಸೇಜಿನಷ್ಟೇ. ಮೆಲ್ಬರ್ನಿಗೆ ಬಂದು ಹೋಟೆಲಿಗೆ ಹೋದರೆ ಚೆನ್ನಾಗಿರುವುದಿಲ್ಲ ಎಂದು ಗುರುವಿನ ಹೆಂಡತಿ ಹರ್ಷಿತಾ ತಾನೇ ಫೋನ್ ಮಾಡಿ ಕರೆದಿದ್ದಳು.

ಊಟಕ್ಕೆ ಬಿಸಿಬೇಳೆಬಾತ್. ಗುರು ಬಡಿಸುತ್ತಾ, "ಏನೋ, ಈಗ್ಲೂ ಅಂಡರ್‌ಆರ್ಮ್ ಪಾರ್ಟೀನಾ?" ಎಂದ.

"ಈಗ್ಲೂ" ಎಂದ ಅಭಿನಂದನ್.

"ಭೇಷ್" ಎಂದ ಗುರು. ಅದು ಹೊಗಳಿಕೆಯೋ ಚುಚ್ಚೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹರ್ಷಿತಾ, "ಏನೇ ಪುಟ್ಟಿ, ಎಡಗೈಲಿ ತಿಂತಿದೀಯಾ? ನಿಮ್ಮಮ್ಮ ನೋಡಿದ್ರೆ ಅಷ್ಟೇ" ಎಂದಳು.

"ಈ ಕೈಲಿ ಫೋನ್ ಇದೆ ಆಂಟಿ" ಎಂದಳು ಆದ್ಯಾ.

ಫೋನ್ ಇದ್ದದ್ದು ಟೇಬಲ್ ಮೇಲೆ, ಕವುಚಿ. ಬಲಗೈಯನ್ನು ಅವಳು ಹೊಟ್ಟೆಗೆ ಒತ್ತಿಕೊಂಡಿದ್ದಳು. ಹುಟ್ಟಿದಾಗಿನಿಂದ ಬಲಗೈಯಲ್ಲೇ ಉಂಡ ಮಗು ಅದು. ಕಲಸಿ ತಿನ್ನುವುದನ್ನು ಕಲಿಸಿದವನು ಅಭಿನಂದನನೇ.

ಊಟ ಮುಗಿದರೂ ಹೊರಗೆ ಬಿಸಿಲಿತ್ತು. ಹಿತ್ತಲಿನ ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತ.

"ಎಷ್ಟು ದಿನದಿಂದ?"

"ಇಟ್ಸ್ ನಥಿಂಗ್."

"ಆದ್ಯಾ."

"ತ್ರೀ ವೀಕ್ಸ್." ಅವಳು ಹುಲ್ಲು ಕೀಳುತ್ತಿದ್ದಳು, ಎಡಗೈಯಲ್ಲಿ. "ಕ್ರೇಗ್‌ಗೆ ಹೇಳ್ಬೇಡ. ಒಂದೇ ಗೇಮ್ ಅಪ್ಪ, ಆಮೇಲೆ ಆರು ತಿಂಗಳು ರೆಸ್ಟ್. ಟೀಮೇ ಇಲ್ದಿದ್ರೆ ನಾನೆಲ್ಲಿ ಆಡ್ಲಿ?"

"ನಾಳೆ ನೀನು ಎಸೆಯೋದು ಬೇಡ."

"ಸಂಬಡಿ ಹ್ಯಾಸ್ ಟು. ಹೂ ಎಲ್ಸ್? ಯೂ?"

ಅವನು ಅವಳ ಮೊಣಕೈ ಮುಟ್ಟಲು ಹೋದ. ಅವಳು ಎಳೆದುಕೊಂಡಳು. "ಐ ಆಮ್ ಫೈನ್. ನಿನ್ನಾಣೆ" ಎಂದಳು. ಆಣೆ ಎಂಬ ಮಾತು ಆ ಹುಡುಗಿಗೆ ಯಾವಾಗ ಬಂತೋ. ಬಂದದ್ದು ತನ್ನ ಬಾಯಿಂದಲೇ ಇರಬೇಕು ಎಂದುಕೊಂಡ.

ಬೆಳಿಗ್ಗೆ ಗುರು ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ. ಅಭಿನಂದನ್ ಕಾಫಿ ಲೋಟ ಹಿಡಿದು ಹಿಂದೆ ನಿಂತ. ನಾಲ್ಕು ಗಂಟೆಯಿಂದ ಎದ್ದು ಇದೊಂದನ್ನೇ ಬಾಯಿಪಾಠ ಮಾಡಿದ್ದ, ಆದರೂ ಮಾತು ತೊದಲಿತು.

"ಗುರು, ಅವಳ ಮೊಣಕೈ ನೋವು. ಎಸೆಯೋಕೆ ಇನ್ಯಾರೂ ಇಲ್ಲ. ಇವತ್ತೊಂದಿನ ನಾನು..."

"ಬೇಡ ಅಂತ ಹೇಳು ಮಗಳಿಗೆ. ಅಷ್ಟೇ ತಾನೆ?"

"ಕೇಳಲ್ಲ ಕಣೋ. ನಾನಿಲ್ಲಿ ಬೇಡ ಅಂದ್ರೆ ಅಲ್ಲಿ ಹೋಗಿ ಚೆನ್ನಾಗಿದೀನಿ ಅಂತಾಳೆ. ಬೇರೆಯವರು ಬಾಲ್ ತಗೊಂಡ್ರೆ ಮಾತ್ರ ಬಿಡ್ತಾಳೆ."

ಗುರು ನೀರಿನ ಕ್ಯಾನು ಕೆಳಗಿಟ್ಟ. "ನೋಡು ಅಭಿ. ನಂಗೆ ಆ ಮ್ಯಾಚೂ ನೆನಪಿಲ್ಲ, ಸ್ಕೋರೂ ನೆನಪಿಲ್ಲ. ನೀನು ಆಣೆ ಹಾಕಿದ್ದು ನೆನಪಿದೆ, ಮಾತು ಕೊಟ್ಟಿದ್ದು ನೆನಪಿದೆ. ಮೊದಲನೇದು ಸುಳ್ಳು. ಎರಡನೇದನ್ನ ನೀನು ಇಷ್ಟು ವರ್ಷ ನಡೆಸ್ಕೊಂಡು ಬಂದಿದೀಯ ಅಂತಾನೇ ನಿನ್ನನ್ನ ಮನೆಯೊಳಗೆ ಬಿಟ್ಕೊಂಡಿರೋದು."

"ಇದು ಕ್ರಿಕೆಟ್ ಅಲ್ಲವಲ್ಲೋ. ಇಲ್ಲಿ ಕೈ ಮಡಚಿ ಎಸೆಯೋದೇ ಆಟ."

"ನಾನು ಆಟದ ವಿಷಯ ಕೇಳ್ಲಿಲ್ಲ ಅವತ್ತು" ಎಂದ ಗುರು. "ನಿನ್ನ ಕೈ ವಿಷಯ ಕೇಳಿದ್ದು. ನಾನು ಬಿಡಲ್ಲ."

ಹಾಗೆಂದವನು ಮ್ಯಾಚ್ ನೋಡಲು ಬಂದ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಟೀ ತಂದು ಬೇಲಿಯ ಹಿಂದೆ ಕೂತ.

ಉತ್ತರದಿಂದ ಒಲೆಯ ಬಾಯಿಯ ಹಾಗೆ ಗಾಳಿ. ಕ್ರೇಗ್ ಉಳಿದವರನ್ನೆಲ್ಲ ನಿಲ್ಲಿಸಿ ಎಸೆಸಿ ನೋಡಿದ. ಒಬ್ಬನದು ಬೇಲಿ ದಾಟಿತು, ಇನ್ನೊಬ್ಬನದು ಕ್ರೇಗನ ಮೊಣಕಾಲಿಗೇ ಬಡಿಯಿತು. ಹದಿನಾಲ್ಕನೇ ನಂಬರಿನವನನ್ನು ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ಕುಂಟುತ್ತಾ ಬಂದ ಕ್ರೇಗ್ ಅಭಿನಂದನನ ಮುಂದೆ ನಿಂತು ಕೇಳಿದ: ಮಗಳ ಕೈ ಹೇಗಿದೆ, ನೀನು ಸರಿ ಅಂದರೆ ಮಾತ್ರ ಅವಳಿಗೆ ಕೊಡುತ್ತೇನೆ.

ಆದ್ಯಾ ಎರಡು ಮಾರು ದೂರದಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಬೇಲಿಯ ಹಿಂದೆ ಗುರು ಟೀ ಬಗ್ಗಿಸಿಕೊಳ್ಳುತ್ತಿದ್ದ.

ಸರಿಯಿದೆ ಎಂದುಬಿಟ್ಟ ಅಭಿನಂದನ್. ಹೇಳಿ ಬೆಂಚಿನ ಮೇಲೆ ಕೂತು ಕ್ಲಿಕರ್ ಕೈಗೆತ್ತಿಕೊಂಡ. ಅವತ್ತು ಗುರು ಕಾಗದದಲ್ಲಿ ಬರೆದದ್ದನ್ನೇ ಇವತ್ತು ತಾನು ಬಾಯಲ್ಲಿ ಹೇಳಿದ್ದ. ಗುರುವಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ತನಗೆ ಗೊತ್ತಿತ್ತು.

ಮೊದಲ ಬ್ಯಾಟಿನವನಿಗೆ ಐದು ಎಸೆತ. ಕ್ಲಿಕ್, ಕ್ಲಿಕ್. ಆರನೆಯದರ ನಂತರ ಅವಳು ಬಲಗೈಯನ್ನು ಗ್ಲೌಸಿನೊಳಗೆ ಅಡಗಿಸಿದಳು. ಎಂಟನೆಯದು ನೆಲಕ್ಕೆ ಬಿತ್ತು. ಒಂಬತ್ತನೆಯದನ್ನು ಎಸೆಯುವ ಮುಂಚೆ ಅವಳು ಬೆನ್ನು ತಿರುಗಿಸಿ ಮೈದಾನದ ಆಚೆ ನೋಡಿದಳು. ಭುಜ ಎರಡು ಸಲ ಮೇಲೆ ಹೋಗಿ ಕೆಳಗೆ ಬಂತು. ಅಳುವಾಗ ಅವಳ ಭುಜ ಹೋಗುವುದೇ ಹಾಗೆ, ತೊಟ್ಟಿಲಿನಿಂದಲೂ. ತಿರುಗಿದಾಗ ಮುಖ ಒಣಗಿತ್ತು. ಒಂಬತ್ತು. ಹತ್ತು. ಹನ್ನೊಂದನೆಯದಕ್ಕೆ ಕೈ ಮೇಲೇಳಲೇ ಇಲ್ಲ. ಚೆಂಡು ಅರ್ಧ ದಾರಿಯಲ್ಲಿ ಸತ್ತು ಉರುಳಿತು. ಎದುರು ಬೆಂಚಿನಲ್ಲಿ ಯಾರೋ ನಕ್ಕರು.

ಕ್ಲಿಕರನ್ನು ಬೆಂಚಿನ ಮೇಲೆ ಇಟ್ಟದ್ದು ಅಭಿನಂದನನಿಗೆ ನೆನಪಿಲ್ಲ. ಅವನಾಗಲೇ ಗೆರೆ ದಾಟಿ ನಡೆಯುತ್ತಿದ್ದ. ಕ್ರೇಗ್ ಆಟ ನಿಲ್ಲಿಸಲು ಕೇಳಿಕೊಂಡು ಹಿಂದೆಯೇ ಬಂದ.

"ಸುಳ್ಳು ಹೇಳಿದೆ ನಿನಗೆ, ಅವಳ ಕೈ ಮೂರು ವಾರದಿಂದ ಸರಿಯಿಲ್ಲ" ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ಮಗಳ ಕಡೆ ತಿರುಗಿ ಕೈ ಒಡ್ಡಿದ. "ಕೊಡಮ್ಮ."

"ಅಪ್ಪ, ನೀನು ಅಂಡರ್‌ಆರ್ಮ್ ಎಸೆದ್ರೆ ಎಲ್ಲಾನೂ ಹೊಡೀತಾರೆ." ಅವಳ ಗಲ್ಲದ ತುದಿಯಲ್ಲಿ ಬೆವರೋ ಕಣ್ಣೀರೋ ತೂಗುತ್ತಿತ್ತು.

"ಗೊತ್ತು. ಕೊಡು."

ಕ್ರೇಗ್ ಅವನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದ. ಬೇರೆ ದಾರಿಯಿರಲಿಲ್ಲ. ಆದ್ಯಾ ಚೆಂಡನ್ನು ಎಡಗೈಯಿಂದ ಕೊಟ್ಟು ಹೋದಳು.

ಚೆಂಡಿನ ಹೊಲಿಗೆ ಬೆರಳಿಗೆ ಹತ್ತಿತು. ಕ್ರಿಕೆಟ್ ಚೆಂಡಿಗಿಂತ ತುಸು ಹಗುರ, ತುಸು ದೊಡ್ಡದು. ಬೇಲಿಯ ಕಡೆ ನೋಡಬಾರದು ಎಂದುಕೊಂಡೂ ನೋಡಿದ. ಗುರು ಎದ್ದು ನಿಂತಿದ್ದ, ಲೋಟ ಕೈಯಲ್ಲೇ ಇತ್ತು. ತಲೆಯಾಡಿಸಲಿಲ್ಲ, ಕೂಗಲಿಲ್ಲ. ಸುಮ್ಮನೆ ಕಾಯುತ್ತಿದ್ದ.

ಅಭಿನಂದನ್ ಕೈ ಎತ್ತಿದ. ನಲವತ್ತಾರರ ಭುಜ ಕಿರುಗುಟ್ಟಿತು, ಮೊಣಕೈ ತನ್ನ ಹಳೆಯ ದಾರಿ ತಾನೇ ಹುಡುಕಿಕೊಂಡು ಮಡಚಿ ಬಿಚ್ಚಿತು. ಚೆಂಡು ಕ್ಯಾಚರನ ಗ್ಲೌಸಿಗೆ ಬಡಿದ ಸದ್ದಿಗೆ ಎದುರು ಬೆಂಚು ಸುಮ್ಮನಾಯಿತು.

ಅಂಪೈರನ ಬಲಗೈ ಪಕ್ಕಕ್ಕೆ ಚಾಚಿತು.

ಅವನು ಚಳಿ ಹಿಡಿದವನ ಹಾಗೆ ನಿಂತುಬಿಟ್ಟ. ರುದ್ರಪ್ಪನವರ ಕೈ, ಅದೇ ಕೈ. ನಾಚಿಕೆ ಪಾದದಿಂದ ಹತ್ತಿ ಕಿವಿಯ ತನಕ ಬಂತು. ಟೋಪಿ ಕಳಚಿ ಹಿಡಿದು, ತಲೆ ತಗ್ಗಿಸಿಕೊಂಡು ಬೆಂಚಿನ ಕಡೆ ನಾಲ್ಕು ಹೆಜ್ಜೆ ಹಾಕಿದ.

"ಅಪ್ಪ, ಎಲ್ಲಿ ಹೋಗ್ತಿದೀಯ?" ಆದ್ಯಾ ಕೂಗಿದಳು. ಮೊಣಕೈಗೆ ಐಸ್ ಕಟ್ಟಿಕೊಂಡಿದ್ದಳು. "ಅದು ಸ್ಟ್ರೈಕ್ ಅಪ್ಪ. ಗುಡ್ ಬಾಲ್. ಗೋ ಬ್ಯಾಕ್."

ಇಡೀ ಸೀಸನ್ ಅವನು ಬೆಂಚಿನಿಂದ ನೋಡಿದ ಸನ್ನೆಯೇ ಅದು. ಈ ಆಟದಲ್ಲಿ ಕೈ ಪಕ್ಕಕ್ಕೆ ಹೋದರೆ ಎಸೆತ ಒಪ್ಪಿತವಾಯಿತು ಎಂದು. ಅವನು ಟೋಪಿ ಹಾಕಿಕೊಂಡು ವಾಪಸು ಹೋದ. ಆಮೇಲೆ ಅರವತ್ತೊಂದು ಎಸೆದ. ಸೊಗಸಾಗೇನೂ ಎಸೆಯಲಿಲ್ಲ. ಎರಡು ಬ್ಯಾಟಿನವರ ಮೈಗೆ ಬಿತ್ತು, ಒಂದನ್ನು ಪಾರ್ಕಿಂಗ್ ತನಕ ಹೊಡೆದರು. ಐದನೇ ಇನ್ನಿಂಗ್ಸಿನ ಹೊತ್ತಿಗೆ ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಒಂಬತ್ತಕ್ಕೆ ಆರರಲ್ಲಿ ಸೋತರು. ಆದರೆ ಪಂದ್ಯವನ್ನು ಕೊನೆಯ ತನಕ ಆಡಿದರು, ಮತ್ತು ಆ ಹುಡುಗಿ ಹನ್ನೆರಡನೆಯದನ್ನು ಎಸೆಯಲಿಲ್ಲ.

ಬೇಲಿಯ ಹಿಂದಿನ ಕುರ್ಚಿ ಯಾವಾಗ ಖಾಲಿಯಾಯಿತೋ ಅವನು ನೋಡಲಿಲ್ಲ. ಆಟ ಮುಗಿದಾಗ ಗುರು ಕಾರಿನಲ್ಲಿದ್ದ. ಅವರ ಬ್ಯಾಗುಗಳನ್ನು ಮನೆಯಿಂದ ತಂದು ಹಿಂದೆ ಇಟ್ಟಿದ್ದ. ಏರ್‌ಪೋರ್ಟಿನ ತನಕ ರೇಡಿಯೊ ಕೂಡ ಹಾಕಲಿಲ್ಲ. ಆದ್ಯಾ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಸುತ್ತಾ, ಒಪ್ಪಿಸುತ್ತಾ ಅತ್ತಳು. ಅರುಂಧತಿ ನಾಳೆಯೇ ಡಾಕ್ಟರ ಹತ್ತಿರ ಎಂದದ್ದು ಮುಂದಿನ ಸೀಟಿಗೂ ಕೇಳಿಸಿತು.

ಇಳಿಸುವ ಜಾಗದಲ್ಲಿ ಗುರು ಇಂಜಿನ್ ನಿಲ್ಲಿಸಲಿಲ್ಲ.

"ಮಗುವಿನ ಕೈ ತೋರಿಸು. ತಡ ಮಾಡ್ಬೇಡ" ಎಂದ.

"ಗುರು..."

"ಹಿಂದೆ ಗಾಡಿ ನಿಂತಿದೆ ಅಭಿ. ಇಳಿ."

ಅಭಿನಂದನ್ ಎಡಗೈಯಿಂದ ಬಾಗಿಲು ತೆಗೆದ. ಬಲಗೈ ಏಳುತ್ತಿರಲಿಲ್ಲ. ಬ್ಯಾಗುಗಳನ್ನು ಅಪ್ಪನೂ ಮಗಳೂ ಒಂದೊಂದು ಎಡಗೈಯಿಂದ ಎಳೆದು ಇಳಿಸಿಕೊಂಡರು. ಕಾರು ಹೋಯಿತು.

ಗುರುವಿಗೆ ಕೊಟ್ಟ ಮಾತನ್ನು ಅವನು ಮುರಿದಿದ್ದ, ಅರವತ್ತೆರಡು ಸಲ.