ಒಣಗದ ಕೆಂಪು ಚುಕ್ಕೆ

"ನನ್ನ ಕಣ್ಣಿಗೆ ಮಣ್ಣೆರಚಬೇಡ! ಹೊಸ ಸಾಮಾನು ಹೀಗೆ ನಾಲ್ಕು ನಾಲ್ಕು ಸಲ ಬಿದ್ದು ಸಾಯುತ್ತಾ?"

"ಭಾವ, ಹೊಸದೂ ಕೆಟ್ಟಿರುತ್ತೆ. ಯಾವುದು ಅಂತಾನೇ ಹುಡುಕ್ತಾ ಇದೀನಿ."

"ಜೋಡಿಸಿದೋನೂ ನೀನೇ, ಹುಡುಕೋನೂ ನೀನೇ. ಒಳಗೇನಿಟ್ಟಿದೀಯ ಅಂತ ನಿನಗೆ ಗೊತ್ತಿಲ್ವಾ?"

"ರೀ, ಮೆಲ್ಲಗೆ," ಎಂದಳು ಹೆಂಡತಿ, ಒಳಬಾಗಿಲಲ್ಲಿ ನಿಂತು.

ಭಾವಮೈದ ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡು ಕಂಪ್ಯೂಟರಿನ ಡಬ್ಬಿಯೊಳಗೆ ತಲೆ ಹಾಕಿದ. ಮೇಜಿನ ಮೇಲೆ ಪರದೆ ನೀಲಿಯಾಗಿ ನಿಂತಿತ್ತು. ಆಪರೇಟಿಂಗ್ ಸಿಸ್ಟಂ ಹಾಕಲು ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ಶೇಕಡಾ ಅರುವತ್ತಮೂರಕ್ಕೆ ಒಮ್ಮೆ ನಿಂತಿತು, ನಲವತ್ತೊಂದಕ್ಕೆ ಒಮ್ಮೆ. ಮೂರನೇ ಸಲ ಎಪ್ಪತ್ತೆಂಟರವರೆಗೆ ಹೋಗಿ ನನಗೆ ಆಸೆ ತೋರಿಸಿ ಬಿತ್ತು. ಈಗ ಮೂವತ್ತಕ್ಕೇ.

ನಾನು ಬೋರ್ಡು ಬರೆಯುವವನು. ಮುಂದಿನ ಕೋಣೆ ಅಂಗಡಿ, ಹಿಂದೆ ಮನೆ. ಇಪ್ಪತ್ತೆಂಟು ವರ್ಷ ಅಂಗಡಿ ಹಲಗೆ, ಲಾರಿಯ ಹಿಂಬದಿ, ಶಾಲೆಯ ಗೋಡೆ ಎಲ್ಲವನ್ನೂ ಕುಂಚದಲ್ಲೇ ಬರೆದೆ. ಈಗ ಬಂದವರೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡು ಅನ್ನುತ್ತಾರೆ. ಹಾಗಾಗಿ ಬಿಡಿಭಾಗಗಳನ್ನು ನಾನೇ ಹೋಗಿ ತಂದೆ. ಜೋಡಿಸಲು ಇವನನ್ನು ಕರೆದೆ. ಕಂಪ್ಯೂಟರ್ ರಿಪೇರಿ ಇವನ ಕಸುಬು.

ಹೆಂಡತಿಗೆ ತವರು ಅಂತ ಉಳಿದಿರುವುದು ಈ ತಮ್ಮನೊಬ್ಬನೇ. ಎರಡು ವರ್ಷದ ಹಿಂದೆ ನೀರಿನ ಪಂಪಿನ ವಿಷಯಕ್ಕೆ ನಾನು ಒಂದು ಮಾತು ಆಡಿದ್ದಕ್ಕೆ ಎಂಟು ತಿಂಗಳು ಈ ಕಡೆ ತಲೆ ಹಾಕಿರಲಿಲ್ಲ. ಅದಕ್ಕೇ ಅವಳು ಹಿಂದಿನ ದಿನವೇ ಹೇಳಿದ್ದಳು: "ಈ ಸಲ ಬಾಯಿ ಬಿಗಿ ಹಿಡೀರಿ. ಅವನು ಮತ್ತೆ ಎದ್ದು ಹೋದ್ರೆ ಬರಲ್ಲ. ನನ್ನನ್ನ ಅಕ್ಕಾ ಅಂತ ಕರೆಯೋರು ಇನ್ಯಾರಿದಾರೆ?"

ಹೂಂ ಅಂದಿದ್ದೆ. ಆದರೆ ಪಕ್ಕದ ಬೀಗ ರಿಪೇರಿಯವನು ಆಮೇಲೆ ಬಂದು ಕೂತ. "ಹೊಸದು ಜೇಬಿಗೆ, ಹಳೇದು ಡಬ್ಬಿಗೆ. ತಗಡು ಮುಚ್ಚಿದ್ಮೇಲೆ ನಿಮಗೇನು ಕಾಣುತ್ತೆ? ನೆಂಟನಾದ್ರೆ ಇನ್ನೂ ಸಲೀಸು, ಬಾಯಿಬಿಟ್ಟು ಕೇಳೋ ಹಾಗೂ ಇಲ್ಲ" ಎಂದು ಹಲ್ಲು ಕಿರಿದ. ಕಿವಿಯೊಳಗೆ ಇರುವೆ ಹೊಕ್ಕಂತಾಯಿತು. ಭಾವಮೈದನ ಅಂಗಡಿಯ ಡ್ರಾಯರಿನ ತುಂಬ ಹಳೆಯ ಬಿಡಿಭಾಗಗಳಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಅದಕ್ಕೆ ಆವತ್ತು ಬೆಳಿಗ್ಗೆ, ಇವನು ಬರುವ ಮೊದಲು, ಒಂದು ಕೆಲಸ ಮಾಡಿದೆ. ಅತಿ ಸಣ್ಣ ಕುಂಚ ತೆಗೆದು ಒಂದೊಂದು ಭಾಗಕ್ಕೂ ಸಾಸಿವೆ ಕಾಳಿನಷ್ಟು ಕೆಂಪು ಎನಾಮಲ್ ಚುಕ್ಕೆ ಇಟ್ಟೆ. ಎರಡು ರ‍್ಯಾಮ್ ಪಟ್ಟಿಗಳಿದ್ದವು, ಬೆರಳುದ್ದದವು, ಕೆಳಅಂಚಿನಲ್ಲಿ ಕರೆಂಟಿನ ಸಂಪರ್ಕಕ್ಕೆ ಚಿನ್ನದ ಬಣ್ಣದ ಹಲ್ಲುಗಳು. ಜೋಡಿಸಿದ ಮೇಲೆ ಕಾಣಬಾರದು ಎಂದು ಅವಕ್ಕೆ ಹಲ್ಲಿನ ಪಕ್ಕದ ಮೂಲೆಗೇ ಇಟ್ಟೆ. ಕೊನೆಯದಕ್ಕೆ ಇಡುತ್ತಿದ್ದಾಗ ಹೊರಗೆ ಬೈಕಿನ ಸದ್ದಾಯಿತು. ಎಲ್ಲವನ್ನೂ ಗಡಿಬಿಡಿಯಲ್ಲಿ ಪೊಟ್ಟಣಕ್ಕೆ ತುರುಕಿದೆ.

ಅಲ್ಲಿಂದ ಇವನ ಕೈ ಬಿಟ್ಟು ನನ್ನ ಕಣ್ಣು ಆಚೆ ಹೋಗಿರಲಿಲ್ಲ. ಡಬ್ಬಿಯ ಬಾಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಬೆಳಕು ಆ ಕಡೆಯಿಂದ ಬರುತ್ತೆ ಅಂದ. ನೀರು ಕುಡಿಯಲು ಎದ್ದಾಗ ಚೀಲವನ್ನೂ ಜೊತೆಗೆ ಒಯ್ದ. ಪಕ್ಕದ ತಗಡನ್ನು ಈಗಲೇ ಹಾಕಲ್ಲವಂತೆ: "ಒಂದು ವಾರ ಓಡಲಿ. ಬಿಸಿ ಎಷ್ಟಾಗುತ್ತೆ ನೋಡ್ಕೊಂಡು ಭಾನುವಾರ ನಾನೇ ಬಂದು ಮುಚ್ತೀನಿ." ಏಕೆ? ಆಮೇಲೆ ಬಂದು ಇನ್ನೂ ಏನಾದರೂ ಕಿತ್ತುಕೊಂಡು ಹೋಗಲು ಸುಲಭವಾಗಲಿ ಎಂದೇ?

"ಒಂದೇ ಕಡೆ ನಿಂತಿದ್ರೆ ಸಿಸ್ಟಂ ಇರೋ ಪೆನ್‌ಡ್ರೈವ್ ಸರಿಯಿಲ್ಲ ಅನ್ನಬಹುದಿತ್ತು," ಎಂದ ಅವನು ತಲೆಯೆತ್ತಿ. "ಸಲಕ್ಕೊಂದು ಕಡೆ ನಿಲ್ತಿದೆ. ರ‍್ಯಾಮ್ ಇರಬೇಕು. ಒಂದೊಂದೇ ಹಾಕಿ ನೋಡ್ತೀನಿ."

ಒಂದು ಪಟ್ಟಿಯನ್ನು ಸರಕ್ಕನೆ ಎಳೆದು ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿಗೆ! ನಾನು ಹಲ್ಲು ಕಚ್ಚಿಕೊಂಡು ಕೂತೆ.

ಐದನೇ ಸಲ ಶುರುವಾಯಿತು. ನಲವತ್ತೊಂದು ದಾಟಿತು, ಎಪ್ಪತ್ತೆಂಟೂ ದಾಟಿತು, ನೂರು ಮುಟ್ಟಿತು. ಹೆಂಡತಿ ಉಸಿರು ಬಿಟ್ಟಳು. ಅವನು ಆ ಪಟ್ಟಿಯನ್ನು ತೆಗೆದು ಜೇಬಿನದನ್ನು ಹಾಕಿದ. ಇಪ್ಪತ್ತೆರಡಕ್ಕೇ ನೀಲಿ.

"ಸಿಕ್ತು ಕಳ್ಳ!" ಎಂದು ತೊಡೆ ತಟ್ಟಿದ.

"ಸಿಗದೇ ಏನು? ಕಳ್ಳ ಬಂದಿದ್ದೇ ನಿನ್ನ ಡ್ರಾಯರಿಂದ."

"ಏನಂದ್ರಿ?"

"ರೀ!" ಎಂದಳು ಹೆಂಡತಿ.

"ನೀನು ಸುಮ್ನಿರು. ಲೇ, ನನ್ನ ಸಾಮಾನಿಗೆಲ್ಲ ಕೆಂಪು ಚುಕ್ಕೆ ಇಟ್ಟಿದೀನಿ. ಆ ಪಟ್ಟಿ ಮೇಲೆ ತೋರಿಸು. ಇದ್ರೆ ನಿನ್ನ ಕಾಲಿಗೆ ಬೀಳ್ತೀನಿ."

ಅವನು ನನ್ನನ್ನೇ ನೋಡಿದ. ಆಮೇಲೆ ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ನಾನೂ ಬಗ್ಗಿ ನೋಡಿದೆ.

ಚುಕ್ಕೆ ಇತ್ತು. ಚುಕ್ಕೆಗೊಂದು ಬಾಲವೂ ಇತ್ತು. ಹಸಿ ಬಣ್ಣ ಪೊಟ್ಟಣಕ್ಕೆ ಉಜ್ಜಿ, ಕೆಳಗೆ ಎಳೆದುಕೊಂಡು, ಆರೇಳು ಚಿನ್ನದ ಹಲ್ಲುಗಳ ಮೇಲೆ ಈರುಳ್ಳಿ ಸಿಪ್ಪೆಯಂಥ ಪೊರೆಯಾಗಿ ಕೂತಿತ್ತು. ಬಣ್ಣ ಹಸಿಯಿದೆ, ಮುಟ್ಟಬೇಡಿ ಎಂದು ನಾನು ಬರೆದು ತೂಗುಹಾಕಿದ ಹಲಗೆಗಳಿಗೆ ಲೆಕ್ಕವಿಲ್ಲ.

"ಎಲ್ಲಕ್ಕೂ ಇಟ್ಟಿದೀರಾ?" ಎಂದು ಕೇಳಿದ.

ತಲೆಯಾಡಿಸಿದೆ.

ಮೊಬೈಲಿನ ಟಾರ್ಚು ಹಾಕಿ ಡಬ್ಬಿಯೊಳಗೆ ಹುಡುಕಿದ. ಮದರ್‌ಬೋರ್ಡಿನ ಅಂಚಿನಲ್ಲಿ ಒಂದು, ಡಿಸ್ಕಿನ ಹಿಂದೆ ಒಂದು, ಕರೆಂಟಿನ ಪೆಟ್ಟಿಗೆಯ ಅಡಿಯಲ್ಲಿ ಒಂದು. ಎಲ್ಲವನ್ನೂ ಬೆರಳಿಟ್ಟು ನೋಡಿದ.

"ಕೈ ಚೆನ್ನಾಗಿದೆ ಭಾವ. ಎಲ್ಲಾ ಒಂದೇ ಅಳತೆ."

"ಅಲ್ಲ ಕಣೋ, ಆ ಬೀಗದೋನು ಏನೇನೋ ತಲೆಗೆ ತುಂಬಿ..."

"ಅವನ ಸುದ್ದಿ ಎತ್ತಬೇಡಿ," ಎಂದಳು ಹೆಂಡತಿ. "ಕುಂಚ ಹಿಡಿದಿದ್ದು ಅವನ ಕೈ ಅಲ್ಲ."

ಭಾವಮೈದ ನನ್ನ ಮೇಜಿನಿಂದಲೇ ಹತ್ತಿ, ಥಿನ್ನರ್ ತೆಗೆದುಕೊಂಡು ಹಲ್ಲುಗಳನ್ನು ಒರೆಸಿದ. ರಬ್ಬರಿನಿಂದ ಉಜ್ಜಿ, ಊದಿ, ಎರಡೂ ಪಟ್ಟಿಗಳನ್ನು ಕೂರಿಸಿ ಮೊದಲಿನಿಂದ ಮತ್ತೆ ಓಡಿಸಿದ. ಕಾಲಿಗೆ ಬೀಳ್ತೀನಿ ಅಂದಿದ್ದೆನಲ್ಲ, ಅವನ ಕಾಲು ಮೇಜಿನ ಕೆಳಗೇ ಇತ್ತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ನೂರಾಯಿತು. ಪರದೆ ಬೆಳ್ಳಗೆ ತೆರೆದುಕೊಂಡು ಯಜಮಾನರ ಹೆಸರೇನು ಎಂದು ಕೇಳಿತು.

"ನಿಮ್ಮ ಹೆಸರು ಹಾಕ್ಕೊಳ್ಳಿ," ಎಂದು ಅವನು ಎದ್ದ.

ಚೀಲವನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಸುರಿದ. ಮೂರು ಸ್ಕ್ರೂಡ್ರೈವರು, ಎರಡು ಪೆನ್‌ಡ್ರೈವು, ಧೂಳು ಹೊಡೆಯುವ ಒಂದು ಬ್ರಷ್ಷು.

"ಕೆಂಪು ಇದ್ಯಾ ನೋಡ್ಕೊಳ್ಳಿ."

"ಲೇ, ಸಾಕು ಬಿಡೋ."

ಒಂದೊಂದನ್ನೇ ಎತ್ತಿ ನನಗೆ ತೋರಿಸಿ ಚೀಲಕ್ಕೆ ಹಾಕಿದ. ಅಕ್ಕನ ತೋಳು ಮುಟ್ಟಿ ಹೊರಗೆ ನಡೆದ.

"ಭಾನುವಾರ ಬಾ. ತಗಡು ಮುಚ್ಚಬೇಕಲ್ಲ!" ಎಂದು ಕೂಗಿದೆ. ಕೂಗಿದ್ದು ಜೋರಾಯಿತು, ಬೈದ ಹಾಗೇ ಕೇಳಿಸಿತು. ಬೈಕು ತಿರುವಿನಾಚೆ ಹೋಯಿತು.

ಐದು ಭಾನುವಾರ ಕಳೆದವು. ಕಂಪ್ಯೂಟರ್ ಒಂದು ಸಲವೂ ನಿಂತಿಲ್ಲ. ತಗಡು ಗೋಡೆಗೆ ಒರಗಿಕೊಂಡೇ ಇದೆ, ಅದರ ನಾಲ್ಕು ಸ್ಕ್ರೂಗಳು ಬಣ್ಣದ ಡಬ್ಬಿಯ ಮುಚ್ಚಳದಲ್ಲಿವೆ. ಒಳಗೆ ಧೂಳು ಕೂರುತ್ತಿದೆ ಎಂದು ನಿನ್ನೆ ನಾನೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ.

"ಇಡಿ ಅದನ್ನ," ಎಂದಳು ಹೆಂಡತಿ ಒಳಗಿನಿಂದ. "ಅವನು ಬಂದು ಮುಚ್ತೀನಿ ಅಂದಿದಾನೆ."

ಇಟ್ಟೆ.